ಹಿತ್ತಲಿನಿಂದ ಮಂಚದ ಪಕ್ಕಕ್ಕೆ: ಬಚ್ಚಲುಮನೆಯ ಒಂದು ಇತಿಹಾಸ

ಮನೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ತಲೆಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ. ಕೆತ್ತನೆಯ ಕಂಬ, ಜಗಲಿ, ಪಡಸಾಲೆ, ದೇವರಮನೆ ಇವುಗಳ ವರ್ಣನೆ ಮುಗಿಯುವ ಹೊತ್ತಿಗೆ ಬರಹವೂ ಮುಗಿದಿರುತ್ತದೆ. ಮಲಗುವ ಕೋಣೆ, ಬಚ್ಚಲುಮನೆಗಳು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಜಾಗಗಳಲ್ಲ ಎಂಬ ಸಂಕೋಚ ನಮ್ಮ ಬರವಣಿಗೆಯಲ್ಲಿ ಇಂದಿಗೂ ಉಳಿದಿದೆ. ಆದರೆ ಒಂದು ಸಮಾಜ ಎಲ್ಲಿ ಮಲಗುತ್ತಿತ್ತು, ಎಲ್ಲಿ ಮೀಯುತ್ತಿತ್ತು, ಶೌಚಕ್ಕೆ ಎಷ್ಟು ದೂರ ಹೋಗುತ್ತಿತ್ತು, ಆ ಹೊಲಸನ್ನು ಯಾರ ಕೈಯಿಂದ ತೆಗೆಸುತ್ತಿತ್ತು ಎಂದು ಕೇಳುತ್ತ ಹೋದರೆ ಪಡಸಾಲೆ ಹೇಳದ ಸಂಗತಿಗಳು ಹೊರಬೀಳುತ್ತವೆ.

ಠಾಣೆಯ ಮಾಜಿವಾಡಾ ನಾಕಾದಲ್ಲಿ ನಿಂತರೆ ಈ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಮುಂಬಯಿಯಿಂದ ಬರುವ ಪೂರ್ವ ದ್ರುತಗತಿ ಹೆದ್ದಾರಿ, ನಾಸಿಕದ ಕಡೆಗೆ ಹೋಗುವ ಹಳೆಯ ಆಗ್ರಾ ಮಾರ್ಗ, ಘೋಡಬಂದರ್ ರಸ್ತೆ ಇವೆಲ್ಲ ಕೂಡುವ ಸ್ಥಳ ಅದು. ಒಂದು ಕಾಲಕ್ಕೆ ಅದೊಂದು ಹಳ್ಳಿ. 1962ರಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮವು ಠಾಣೆಯ ವಾಗ್ಳೆ ಎಸ್ಟೇಟಿನಿಂದ ತನ್ನ ಕೆಲಸವನ್ನು ಆರಂಭಿಸಿದ ಮೇಲೆ ಈ ನಗರ ಕಾರ್ಖಾನೆಗಳ ಊರೆಂದು ಹೆಸರಾಯಿತು. ಇಂದು ಕಾರ್ಖಾನೆಗಳ ನೆಲದಲ್ಲಿ ಗೋಪುರಗಳೆದ್ದಿವೆ. ಅವುಗಳ ಜಾಹೀರಾತು ಫಲಕಗಳು ಕೊಳ್ಳುವವನಿಗೆ ಮೊದಲು ತೋರಿಸುವುದು ಬಾಗಿಲನ್ನಲ್ಲ, ಅಡುಗೆಮನೆಯನ್ನೂ ಅಲ್ಲ. ‘ಮಾಸ್ಟರ್ ಬೆಡ್‌ರೂಮ್’ ಮತ್ತು ಅದಕ್ಕೆ ಅಂಟಿಕೊಂಡ, ಗಾಜಿನ ಗೋಡೆಯ ಸ್ನಾನಗೃಹವನ್ನು. ಎರಡು ಮೂರು ತಲೆಮಾರುಗಳ ಹಿಂದೆ ಕನ್ನಡದ ಯಾವ ಯಜಮಾನನಿಗಾದರೂ ಈ ಚಿತ್ರವನ್ನು ತೋರಿಸಿದ್ದರೆ, ಮಲಗುವ ಮಂಚದ ತಲೆದಿಸೆಯ ಗೋಡೆಗೇ ಪಾಯಿಖಾನೆಯೇ ಎಂದು ಆತ ಹೌಹಾರುತ್ತಿದ್ದ.

ನಮ್ಮ ಹಳೆಯ ಮನೆಗಳಲ್ಲಿ ಮಲಗುವುದಕ್ಕೆಂದೇ ಮೀಸಲಾದ ಕೋಣೆ ಬಹುತೇಕ ಇರಲಿಲ್ಲ. ಮೈಸೂರು ಸೀಮೆಯ ತೊಟ್ಟಿಮನೆಯಾಗಲಿ, ಧಾರವಾಡ ಬೆಳಗಾವಿಗಳ ವಾಡೆಯಾಗಲಿ, ತುಳುನಾಡಿನ ಗುತ್ತಿನ ಮನೆಯಾಗಲಿ, ಹಗಲು ಕುಳಿತ ಜಾಗದಲ್ಲಿಯೇ ರಾತ್ರಿ ಚಾಪೆ ಬಿಚ್ಚಿಕೊಳ್ಳುತ್ತಿತ್ತು. ಗಂಡಸರಿಗೆ ಜಗಲಿ, ಹೆಂಗಸರಿಗೂ ಮಕ್ಕಳಿಗೂ ನಡುಮನೆ. ಹೊಸದಾಗಿ ಮದುವೆಯಾದವರಿಗೆ ಒಂದು ಕೋಣೆ ಕೆಲವು ಕಾಲ ಬಿಟ್ಟುಕೊಡಲ್ಪಡುತ್ತಿತ್ತು. ಬಾಣಂತಿ ಬಂದರೆ ಅದೇ ಬಾಣಂತಿಕೋಣೆಯಾಗುತ್ತಿತ್ತು. ಕೋಣೆ ಅಗತ್ಯಕ್ಕೆ ಸೇರಿದ್ದಾಗಿತ್ತೇ ಹೊರತು ವ್ಯಕ್ತಿಗೆ ಸೇರಿದ್ದಾಗಿರಲಿಲ್ಲ. ಖಾಸಗಿತನವೆಂಬುದು ಮನೆಯ ಯಜಮಾನನಿಗೂ ಅಪರೂಪವಾಗಿದ್ದಾಗ ಸೊಸೆಗೆ ಎಲ್ಲಿಂದ ಸಿಗಬೇಕು? ವರ್ಜೀನಿಯಾ ವೂಲ್ಫ್ 1929ರಲ್ಲಿ ಹೆಣ್ಣಿಗೆ ತನ್ನದೇ ಆದ ಕೋಣೆಯೊಂದು ಬೇಕೆಂದು ವಾದಿಸಿದಳು. ನಮ್ಮ ತುಂಬು ಕುಟುಂಬದ ಹೆಣ್ಣುಮಕ್ಕಳಿಗೆ ಅಗುಳಿ ಹಾಕಿಕೊಳ್ಳಲು ಇದ್ದ ಒಂದೇ ಬಾಗಿಲು ಬಚ್ಚಲುಮನೆಯದು. ಅಳುವುದಕ್ಕೂ ಅವರಿಗೆ ಇದ್ದದ್ದು ಅದೇ.

ಆ ಬಚ್ಚಲುಮನೆ ಇದ್ದದ್ದು ಮನೆಯ ಹಿಂಭಾಗದಲ್ಲಿ, ಬಾವಿಗೂ ಹಿತ್ತಲಿಗೂ ನಡುವೆ. ಒಲೆಯ ಮೇಲೆ ಹೂತ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಕಾಲಡಿಗೆ ಒರಟು ಕಲ್ಲುಚಪ್ಪಡಿ, ಹೊಗೆಯಿಂದ ಕಪ್ಪಾದ ಗೋಡೆ. ಒಲೆಯ ಬೂದಿ ಪಾತ್ರೆ ಬೆಳಗುವುದಕ್ಕೆ ಒದಗುತ್ತಿತ್ತು. ಮಿಂದ ನೀರು ಹಿತ್ತಲಿನ ಬಾಳೆ, ಕೆಸು, ಬಸಳೆಗಳ ಬುಡಕ್ಕೆ ಹರಿಯುತ್ತಿತ್ತು. ನರಕ ಚತುರ್ದಶಿಯ ಹಿಂದಿನ ದಿನದ ನೀರು ತುಂಬುವ ಹಬ್ಬದಲ್ಲಿ ಹಂಡೆಯನ್ನು ಬೆಳಗಿ, ಬಳ್ಳಿ ಸುತ್ತಿ, ಪೂಜಿಸಲಾಗುತ್ತಿತ್ತು. ಠಾಣೆಯ ಹದಿನೆಂಟನೆಯ ಮಹಡಿಯಲ್ಲಿ ನಮ್ಮವರು ಕೆಲವರು ಈಗ ಗೀಸರಿಗೇ ಕುಂಕುಮದ ಬೊಟ್ಟಿಡುವುದು ಆ ನೆನಪಿನಿಂದಲೇ.

ಸ್ನಾನವನ್ನು ಭೋಗವೆಂದು ಕಂಡ ಪರಂಪರೆಯೂ ಕನ್ನಡನಾಡಿನಲ್ಲಿ ಉಂಟು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅದರ ಮೂರನೆಯ ವಿಂಶತಿಯು ಅರಸನ ಉಪಭೋಗಗಳಿಗೆ ಮೀಸಲು. ಗೃಹ, ಸ್ನಾನ, ಶಯ್ಯೆ ಈ ಮೂರೂ ಅಲ್ಲಿ ಬೇರೆಬೇರೆ ಭೋಗಗಳು. ಠಾಣೆಯ ನೆರೆಯ ಕಲ್ಯಾಣದಲ್ಲಿ ವಾಸಿಸುವ ಕನ್ನಡಿಗರು ಬೀದರಿನ ಆ ಇನ್ನೊಂದು ಕಲ್ಯಾಣವನ್ನು ನೆನೆಯಲು ಇದೂ ಒಂದು ನೆಪವಾದೀತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಬೆಳಗಿನ ಜಾವಕ್ಕೆ ಮುನ್ನವೇ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆ ಪೂಸಿಕೊಂಡು ಸಾಮು ಮಾಡಿ, ಅನಂತರ ಮೀಯುತ್ತಿದ್ದ ಕ್ರಮವನ್ನು ಬರೆದಿಟ್ಟಿದ್ದಾನೆ. ಅರಮನೆಯಲ್ಲಿ ತಾನು ಕಂಡ, ಬಂಗಾರ ಹೊದಿಸಿದ, ಮುತ್ತಿನ ಅಂಚಿನ ಮಂಚವನ್ನೂ ಆತ ಮರೆಯುವುದಿಲ್ಲ. ಹಂಪಿಯಲ್ಲಿ ಇಂದು ‘ರಾಣಿಯ ಸ್ನಾನಗೃಹ’ವೆಂದು ಕರೆಯಲಾಗುವ ಕಟ್ಟಡ, ಚಚ್ಚೌಕದ ಕೊಳದ ಸುತ್ತ ಕಮಾನಿನ ಮೊಗಸಾಲೆಗಳನ್ನೂ ಕೊಳದೆಡೆಗೆ ಚಾಚಿದ ಬಾಲ್ಕನಿಗಳನ್ನೂ ಹೊಂದಿದೆ. ಆದರೆ ಇವೆಲ್ಲವೂ ಸ್ನಾನದ ಕತೆಗಳು. ಸ್ನಾನವನ್ನು ಹೊಗಳಿದ ಪರಂಪರೆ ಶೌಚದ ಬಗೆಗೆ ಮೌನವಾಗಿತ್ತು. ಮೀಯುವುದು ಶುದ್ಧಿ, ಅದು ಮನೆಯ ಒಳಗೆ ಇರಬಹುದು. ಮತ್ತೊಂದು ಮೈಲಿಗೆ, ಅದು ‘ಹೊರಕಡೆ’ಯೇ ಇರಬೇಕು. ‘ಬಯಲಿಗೆ ಹೋಗುವುದು’, ‘ಹೊರಕಡೆಗೆ ಹೋಗುವುದು’ ಎಂಬ ಮಾತುಗಳಲ್ಲಿ ನಮ್ಮ ವಾಸ್ತುವೇ ಅಡಗಿದೆ.

ಹಾಗಾದರೆ ಈ ‘ಹೊರಕಡೆ’ ಒಳಗೆ ಬಂದದ್ದು ಹೇಗೆ? ಯಂತ್ರದ ಉತ್ತರ ಸರಳ. 1775ರಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಶೌಚಪಾತ್ರೆಯಲ್ಲಿ ಕೊಳವೆಯೊಂದು ಹಾವಿನಂತೆ ಬಾಗಿತ್ತು. ಆ ಬಾಗಿನಲ್ಲಿ ಸದಾ ನಿಲ್ಲುವ ಒಂದಿಷ್ಟು ನೀರು ಚರಂಡಿಯ ದುರ್ಗಂಧವನ್ನು ತಡೆಯುತ್ತದೆ. ಅಂಗೈ ಆಳದ ಆ ನೀರಿಲ್ಲದಿದ್ದರೆ ಮಂಚದ ಪಕ್ಕದ ಪಾಯಿಖಾನೆಯೂ ಇಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತವು ಪಾರ್ಲಿಮೆಂಟಿಗೇ ನುಗ್ಗಿದ ಮೇಲೆ ಜೋಸೆಫ್ ಬಝಾಲ್ಜೆಟ್ ಲಂಡನ್ನಿನ ಒಳಚರಂಡಿಗಳನ್ನು ಕಟ್ಟಿದ. ಕೊಳಾಯಿಯ ನೀರು, ಬಾಗಿದ ಕೊಳವೆ, ನೆಲದಡಿಯ ಚರಂಡಿ ಈ ಮೂರೂ ಕೂಡಿದ ಕಡೆಯಲ್ಲೆಲ್ಲ ಶೌಚಗೃಹ ಒಳಮನೆಗೆ ಹೆಜ್ಜೆಯಿಟ್ಟಿತು.

ಮನಸ್ಸಿನ ಉತ್ತರ ಅಷ್ಟು ಸರಳವಲ್ಲ. ಅದನ್ನು ಮುಂಬಯಿಯಲ್ಲಿ ಹುಡುಕಬೇಕು. 1896ರ ಪ್ಲೇಗಿನ ಹೊಡೆತದ ಬಳಿಕ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಕಾರ್ಮಿಕರಿಗಾಗಿ 1920ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಸಂಸಾರಕ್ಕೆ 160 ಚದರ ಅಡಿಯ ಒಂದು ಖೋಲಿ. ಮೂಲೆಯಲ್ಲಿ ಗೇಣೆತ್ತರದ ಕಟ್ಟೆಯ ‘ಮೋರಿ’. ಶೌಚಕ್ಕೆ ಮಹಡಿಗೆಲ್ಲ ಸಾಮೂಹಿಕ ವ್ಯವಸ್ಥೆ. ನಮ್ಮ ಕನ್ನಡದಲ್ಲಿ ಮೋರಿಯೆಂದರೆ ಚರಂಡಿ. ಮುಂಬಯಿಯ ಖೋಲಿಯಲ್ಲಿ ಅದೇ ಸ್ನಾನಗೃಹ, ಅದೇ ಪಾತ್ರೆ ತೊಳೆಯುವ ಜಾಗ. ನಾಡಿನಿಂದ ಹೊಟ್ಟೆಪಾಡಿಗೆ ಬಂದ ನಮ್ಮ ಹಿರಿಯರ ಮುಂಬಯಿ ಬಾಳು ಆರಂಭವಾದದ್ದು ಬಹುಮಟ್ಟಿಗೆ ಇಂಥ ಮೋರಿಯ ಅಂಚಿನಲ್ಲಿ.

ಇದಕ್ಕೆ ಪ್ರತಿಯಾಗಿ ದಾದರ್ ಮಾಟುಂಗಾಗಳಲ್ಲಿ ಮಧ್ಯಮವರ್ಗಕ್ಕಾಗಿ ಫ್ಲ್ಯಾಟುಗಳು ಎದ್ದವು. ಇತಿಹಾಸಕಾರ ನಿಖಿಲ್ ರಾವ್ 2013ರಲ್ಲಿ ಪ್ರಕಟವಾದ ‘ಹೌಸ್, ಬಟ್ ನೋ ಗಾರ್ಡನ್’ ಎಂಬ ಗ್ರಂಥದಲ್ಲಿ ಈ ಬಡಾವಣೆಗಳ ಕತೆಯನ್ನು ಬಿಡಿಸಿಟ್ಟಿದ್ದಾರೆ. ಚಾಳಿನಿಂದ ಫ್ಲ್ಯಾಟನ್ನು ಬೇರ್ಪಡಿಸಿದ್ದು ಒಳಗಿನ ಶೌಚಗೃಹವೇ. ಮಾಟುಂಗಾದಲ್ಲಿ ನೆಲೆಸಿದ ದಕ್ಷಿಣದ ಮೇಲ್ಜಾತಿಗಳವರಿಗೆ ಅದು ಏಕಕಾಲಕ್ಕೆ ಗೌರವದ ಗುರುತೂ ಆಗಿತ್ತು, ಮಡಿಗೆ ಒದಗಿದ ಸಂಕಟವೂ ಆಗಿತ್ತು. ಹಳೆಯ ಮುಂಬಯಿಯ ಕಟ್ಟಡಗಳ ನಡುವೆ ಮನುಷ್ಯನೊಬ್ಬ ಕಷ್ಟದಿಂದ ನುಸುಳಬಹುದಾದ ಓಣಿಗಳಿವೆ. ಅವುಗಳಿಗೆ ‘ಹೌಸ್ ಗಲ್ಲಿ’ ಎಂದು ಹೆಸರು. ಪಾಯಿಖಾನೆಯನ್ನು ಬಳಿಯುವವರು ಮನೆಯ ಯಾರ ಕಣ್ಣಿಗೂ ಬೀಳದೆ ಬಂದು ಹೋಗಲೆಂದು ಉಳಿಸಿದ ದಾರಿ ಅದು. ನೀರು ಹೊಲಸನ್ನು ಹೊತ್ತೊಯ್ಯತೊಡಗಿದ ಮೇಲೆ ಆ ಮನುಷ್ಯ ಬೇಡವಾದ. ಆ ಮನುಷ್ಯ ಬೇಡವಾದ ಮೇಲೆ ಶೌಚಗೃಹ ನಿಶ್ಚಿಂತೆಯಿಂದ ಒಳಗೆ ಬಂದಿತು. ಕೊಳವೆಯ ವಾಸನೆ ತಡೆದ ನೀರು ಜಾತಿಯ ಭಯವನ್ನೂ ತಡೆಯಿತು ಎಂದರೆ ಅತಿಶಯವಲ್ಲ.

ಕನ್ನಡನಾಡಿನಲ್ಲಿ ಈ ಬಿಡುಗಡೆ ಎಲ್ಲರಿಗೂ ಒಂದೇ ಕಾಲಕ್ಕೆ ದೊರೆಯಲಿಲ್ಲ. ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಚಿನ್ನ ಬಗೆದ ಕೋಲಾರದ ಗಣಿಯೂರಿನಲ್ಲಿ ಒಣ ಪಾಯಿಖಾನೆಗಳು ಆಮೇಲೆಯೂ ಉಳಿದವು. ಅಲ್ಲಿನ ಅಂಥ ಕುಟುಂಬವೊಂದರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ದೇಶವ್ಯಾಪಿ ಚಳುವಳಿಯನ್ನು ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಒಣ ಪಾಯಿಖಾನೆಗಳನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದದ್ದು 1993ರಲ್ಲಿ. ಆದರೂ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ತಮ್ಮ ಮೈಮೇಲೆಯೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಇನ್ನೂ ವಿಸ್ತಾರವಾದ ಕಾಯಿದೆ 2013ರಲ್ಲಿ ಬಂತು.

ಈ ಇತಿಹಾಸವನ್ನು ಬಲ್ಲವರಿಗೆ ‘ಮಾಸ್ಟರ್ ಬೆಡ್‌ರೂಮ್’ ಎಂಬ ಮಾತು ಬೇರೆಯಾಗಿ ಕೇಳಿಸುತ್ತದೆ. ಅದು ಹೋದ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ಮನೆಮಾರಾಟದ ಕ್ಯಾಟಲಾಗುಗಳ ಮೂಲಕ ಹಬ್ಬಿದ ನುಡಿ. 2020ರಲ್ಲಿ ಹ್ಯೂಸ್ಟನ್ ನಗರದ ಮನೆ ದಲ್ಲಾಳಿಗಳ ಸಂಘ, ಒಡೆಯ ಮತ್ತು ಗುಲಾಮರ ನೆನಪು ತರುವ ಆ ಪದವನ್ನು ಕೈಬಿಟ್ಟು ‘ಪ್ರೈಮರಿ’ ಎಂಬ ಪದವನ್ನು ಆರಿಸಿಕೊಂಡಿತು. ಮಾಜಿವಾಡಾದ ಫಲಕಗಳಲ್ಲಿ ಮಾತ್ರ ಒಡೆಯ ಇನ್ನೂ ಒಡೆಯನಾಗಿಯೇ ಉಳಿದಿದ್ದಾನೆ. ವಾಸ್ತುವಿನವರು ಅವನಿಗೆ ನೈರುತ್ಯವನ್ನು ಕೊಟ್ಟು, ಶೌಚವನ್ನು ಈಶಾನ್ಯದಿಂದ ದೂರವಿಡಿಸುತ್ತಾರೆ. ಆದರೆ ಗೋಪುರದ ಕೊಳವೆಗಳು ಒಂದರ ಕೆಳಗೊಂದು ನೇರವಾಗಿ ಇಳಿಯಬೇಕಾದುದರಿಂದ ಯಾರ ಮನೆಯ ಬಚ್ಚಲು ಎಲ್ಲಿರಬೇಕೆಂಬುದನ್ನು ತೀರ್ಮಾನಿಸುವುದು ದಿಕ್ಕುಗಳಲ್ಲ, ಡಕ್ಟುಗಳು.

ಇಂದು ಸ್ವಂತ ಇಚ್ಛೆಯಂತೆ ಮನೆ ಕಟ್ಟಿಸುವವರಿಗೆ, ಇದ್ದ ಫ್ಲ್ಯಾಟನ್ನು ಒಡೆದು ಹೊಸದು ಮಾಡುವವರಿಗೆ ಈ ಇತಿಹಾಸ ಕೆಲವು ಪಾಠಗಳನ್ನು ಹೇಳುತ್ತದೆ. ಹಳೆಯ ಬಚ್ಚಲುಮನೆಯಲ್ಲಿ ಒದ್ದೆಗೂ ಒಣಗಿದ್ದಕ್ಕೂ ಗಡಿಯಿತ್ತು. ಆ ಗಡಿಯನ್ನು ಒಂದು ಗಾಜಿನ ಹಲಗೆಯಿಂದಲೋ ಒಂದಂಗುಲದ ಮೆಟ್ಟಿಲಿನಿಂದಲೋ ಮರಳಿ ಪಡೆಯಬಹುದು. ಅಲ್ಲಿನ ಕಲ್ಲುಚಪ್ಪಡಿ ಒರಟಾಗಿದ್ದದ್ದು ಜಾರಬಾರದೆಂದು. ಹೊಳೆಯುವ ಇಟಾಲಿಯನ್ ನೆಲವನ್ನು ಆರಿಸುವ ಮುನ್ನ ಮನೆಯ ವಯೋವೃದ್ಧರನ್ನು ನೆನೆಯುವುದು ಲೇಸು. ಗೋಡೆಗೆ ಹಿಡಿಕೆ, ಹೊರಕ್ಕೆ ತೆರೆಯುವ ಕದ, ಗಾಳಿಗೊಂದು ಕಿಟಕಿ ಇವು ಜಕುಸಿಗಿಂತ ಮೊದಲು ಬರಬೇಕಾದವು. ಮಂಚದ ತಲೆದಿಸೆಯನ್ನು ಕೊಳವೆ ಹಾಯುವ ಗೋಡೆಗೆ ಕೊಡದಿದ್ದರೆ ರಾತ್ರಿಯ ನೀರಿನ ಸದ್ದು ತಪ್ಪುತ್ತದೆ. ಎರಡನೆಯ ಕೋಣೆಯ ಬಾಗಿಲಿಗೂ ಅಗುಳಿ ಇರಲಿ. ಮನೆಯಲ್ಲಿ ಏಕಾಂತ ಬೇಕಾದುದು ಯಜಮಾನನೊಬ್ಬನಿಗೇ ಅಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ ನಕಾಶೆಯಲ್ಲಿ ಕಾಣದ ಜಾಗದ್ದು. ಬಾಳೆಯ ಬುಡಕ್ಕೆ ಹರಿಯುತ್ತಿದ್ದ ನೀರು ಈಗ ಗೋಪುರದ ತಳಕ್ಕೆ ಇಳಿಯುತ್ತದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಹಾಗೂ ಅದಕ್ಕೂ ಮೀರಿದ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು. ದೊಡ್ಡ ಸಂಕೀರ್ಣಗಳು ತಮ್ಮ ಕೊಳಚೆಯನ್ನು ತಾವೇ ಶುದ್ಧೀಕರಿಸಿ, ತೋಟಕ್ಕೂ ಫ್ಲಶ್ಶಿಗೂ ಬಳಸುತ್ತವೆ. ಹಿತ್ತಲಿನ ಬುದ್ಧಿಯೇ ಯಂತ್ರದ ರೂಪದಲ್ಲಿ ಮರಳಿ ಬಂದಿದೆಯೆಂದು ಸಂತೋಷಪಡಬಹುದಾಗಿತ್ತು. ಆದರೆ 2019ರ ಮೇ ತಿಂಗಳಲ್ಲಿ, ಮಾಜಿವಾಡಾಕ್ಕೆ ಸಮೀಪದ ಢೋಕಾಳಿಯ ವಸತಿ ಸಂಕೀರ್ಣವೊಂದರ ಕೊಳಚೆ ತೊಟ್ಟಿಯನ್ನು ಶುಚಿಗೊಳಿಸಲು ಇಳಿದ ಮೂವರು ಕಾರ್ಮಿಕರು ಉಸಿರುಗಟ್ಟಿ ಸತ್ತರು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 2014ರಲ್ಲಿ ಹತ್ತು ಲಕ್ಷ ರೂಪಾಯಿ ಪರಿಹಾರ ವಿಧಿಸಿದ್ದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಬೇಕಾಗಿ ಬಂದದ್ದೇ ಸಾವುಗಳು ನಿಂತಿಲ್ಲವೆಂಬುದಕ್ಕೆ ಸಾಕ್ಷಿ.

ಹೌಸ್ ಗಲ್ಲಿಯ ಮನುಷ್ಯ ಮಾಯವಾಗಲಿಲ್ಲ. ಅವನು ನೆಲಮಾಳಿಗೆಗೆ ಇಳಿದ, ಅಷ್ಟೆ. ಆದ್ದರಿಂದ ಮನೆಯನ್ನು ನೋಡಲು ಹೋದಾಗ ಮಂಚ, ಬಚ್ಚಲು, ಟೈಲ್ಸುಗಳ ಬಣ್ಣ ಇವುಗಳನ್ನು ನೋಡಿದ ಮೇಲೆ ಇನ್ನೆರಡು ಪ್ರಶ್ನೆಗಳನ್ನು ನಾವೆಲ್ಲರೂ ಕೇಳುವುದು ಒಳಿತು. ಕೊಳಚೆಯ ತೊಟ್ಟಿ ಎಲ್ಲಿದೆ? ಅದನ್ನು ಶುಚಿಗೊಳಿಸುವುದು ಯಂತ್ರವೋ, ಮನುಷ್ಯನೋ? ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಲಿಫ್ಟಿನ ಕನ್ನಡಿಯ ಬಗೆಗೆ ಒಂದು ಗಂಟೆ ಚರ್ಚಿಸುವ ನಾವು ಈ ಎರಡನೆಯ ಪ್ರಶ್ನೆಗೆ ಹತ್ತು ನಿಮಿಷ ಕೊಟ್ಟರೆ, ಯಾರೂ ಒಳಗಿಳಿಯಕೂಡದೆಂಬ ಷರತ್ತನ್ನು ಗುತ್ತಿಗೆಯ ಕರಾರಿನಲ್ಲಿ ಬರೆಸಿದರೆ, ಒಂದು ಜೀವ ಉಳಿಯಬಹುದು. ಶೌಚಗೃಹ ಹಿತ್ತಲಿನಿಂದ ಮಂಚದ ಪಕ್ಕಕ್ಕೆ ಬರಲು ನೂರು ವರ್ಷ ಬೇಕಾಯಿತು. ಅದನ್ನು ಶುಚಿಯಾಗಿಡುವವನು ನಮ್ಮ ಕಣ್ಣೆದುರಿಗೆ ಬರಲು ಇನ್ನೂ ನೂರು ವರ್ಷ ಬೇಕಾಗಬಾರದು.