ವಿನ್ಯಾಸಸಹಿತ ನಿರ್ಮಾಣ ಕಾಮಗಾರಿಗಳ ಮಾದರಿ ಗುತ್ತಿಗೆ ದಾಖಲೆಗಳು

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಸರ್ಕಾರಿ ಕಾಮಗಾರಿಗಳ ಟೆಂಡರುಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ. ಕೆಡಬ್ಲ್ಯು-4 ಮುಂತಾದ ಮಾದರಿ ದಾಖಲೆಗಳಲ್ಲಿ ನಕ್ಷೆ ಮತ್ತು ಪರಿಮಾಣಪಟ್ಟಿಯನ್ನು ಇಲಾಖೆಯೇ ಒದಗಿಸುತ್ತದೆ. ಅಳತೆಯಾದ ಕೆಲಸಕ್ಕೆ ಒಪ್ಪಿದ ದರದಂತೆ ಹಣ ಸಂದಾಯವಾಗುತ್ತದೆ.

ವಿನ್ಯಾಸಸಹಿತ ಗುತ್ತಿಗೆಯಲ್ಲಿ (ಟರ್ನ್‌ಕೀ) ಹಾಗಲ್ಲ. ಇಲಾಖೆಯು ತನ್ನ ಅಗತ್ಯಗಳನ್ನಷ್ಟೇ ತಿಳಿಸುತ್ತದೆ. ವಿನ್ಯಾಸದ ಹೊಣೆ ಗುತ್ತಿಗೆದಾರರದು, ಮೊತ್ತವು ಸಾಮಾನ್ಯವಾಗಿ ಇಡಿಗಂಟು. ನಕ್ಷೆಗೆ ಅನುಮೋದನೆ ದೊರೆತ ಮಾತ್ರಕ್ಕೆ ಈ ಹೊಣೆ ಕಳೆಯುವುದಿಲ್ಲವೆಂಬುದು ಇಂತಹ ಕರಾರುಗಳ ಸಾಮಾನ್ಯ ಷರತ್ತು. ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಅಂಥ ನಿವೇಶನದಲ್ಲಿ ನೀರಿನ ಮೇಲ್ತೊಟ್ಟಿಯ ಅಡಿಪಾಯಕ್ಕೆ ತಗಲಿದ ಹೆಚ್ಚುವರಿ ವೆಚ್ಚವನ್ನು ತರುವಾಯ ಪಡೆಯುವುದು ಕಷ್ಟ. ಆದ್ದರಿಂದ ಮೊತ್ತ ನಮೂದಿಸುವ ಮುನ್ನವೇ ಮಣ್ಣುಪರೀಕ್ಷೆಯ ವರದಿಯನ್ನೂ, ಆ ವರದಿ ತಪ್ಪಾದರೆ ನಷ್ಟ ಯಾರದೆಂಬ ಷರತ್ತನ್ನೂ ಓದಿಕೊಳ್ಳತಕ್ಕದ್ದು.

ಟೆಂಡರು ಅಂಗೀಕಾರದ ಆದೇಶದಿಂದ ಬಾಧಿತರಾದ ಟೆಂಡರುದಾರರು, ಆದೇಶ ತಲುಪಿದ 30 ದಿನಗಳೊಳಗೆ ಅಧಿನಿಯಮದ 16ನೇ ಪ್ರಕರಣದ ಮೇರೆಗೆ ಮೇಲ್ಮನವಿ ಸಲ್ಲಿಸಬಹುದು.