ಅಕ್ಷರದ ಮಣೆಯೂ ಬಣ್ಣದ ಮಣೆಯೂ

ಮನ್ನಳ್ಳಿಯೂ ಭಾಲ್ಕಿ ಔರಾದಗಳೂ ಸೇರಿರುವ ಬೀದರ ಸೀಮೆಯ ಪೂರ್ವವೃತ್ತಾಂತವನ್ನು ಬರೆಯುವವರು ಬಹಮನಿಗಳ ಕೋಟೆಯನ್ನೂ ಮಹಮೂದ ಗವಾನನ ಮದರಸೆಯನ್ನೂ ವರ್ಣಿಸಿ, ಕಲ್ಯಾಣಕ್ಕೆ ಬಂದೊಡನೆ ಶರಣರ ಸ್ಮರಣೆಯಲ್ಲಿ ನಿಂತುಬಿಡುವುದು ವಾಡಿಕೆ. ಅದು ಸಹಜವೇ, ಆದರೆ ಆ ಶರಣರಿಗಿಂತ ಒಂದು ತಲೆಮಾರಿನಷ್ಟು ಹಿಂದೆ ಅದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಚದುರಂಗದ ಮಣೆಯನ್ನು ಗೆರೆಯ ಹಂಗಿಲ್ಲದೆ ಬರವಣಿಗೆಯಲ್ಲಿ ಹಿಡಿದಿಟ್ಟ ಸಂಗತಿ ನಮ್ಮಲ್ಲಿಯೇ ಅಷ್ಟಾಗಿ ಪ್ರಚುರವಾಗಿಲ್ಲ.

1126ರಿಂದ 1138ರವರೆಗೆ ರಾಜ್ಯಭಾರ ಮಾಡಿದ ಈ ಭೂಲೋಕಮಲ್ಲನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದ ಐದು ವಿಂಶತಿಗಳಲ್ಲಿ ಕಡೆಯದು ಕ್ರೀಡೆಗೆ ಮೀಸಲು. ಇಬ್ಬರು ಎದುರುಬದುರಾಗಿ ಕುಳಿತು ಆಡುವ ಚದುರಂಗವಲ್ಲದೆ, ನಾಲ್ವರು ದಾಳ ಹಾಕಿ ಆಡುವ ಪ್ರಭೇದವೂ, ಕುದುರೆಯೊಂದೇ ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮುಟ್ಟಿಬರುವ ತುರಗಪದವೂ ಅಲ್ಲಿ ನಿರೂಪಿತವಾಗಿವೆ. ಈ ಕುದುರೆಯ ಹಾದಿಯನ್ನು ಓದುಗನಿಗೆ ತೋರಿಸುವುದೆಂತು? ಅರಸನ ಉಪಾಯ ರಮಣೀಯವಾದುದು: ಒಂದು ದಿಕ್ಕಿನ ಸಾಲುಗಳಿಗೆ ವ್ಯಂಜನಗಳನ್ನೂ ಇನ್ನೊಂದು ದಿಕ್ಕಿನವಕ್ಕೆ ಸ್ವರಗಳನ್ನೂ ಹಂಚಿಕೊಟ್ಟರೆ ಪ್ರತಿಯೊಂದು ಮನೆಗೂ ಒಂದು ಅಕ್ಷರ ಹೆಸರಾಗುತ್ತದೆ, ಆ ಅಕ್ಷರಗಳನ್ನು ಕ್ರಮವಾಗಿ ಉಚ್ಚರಿಸಿದವನು ಕುದುರೆಯನ್ನೇ ನಡೆಸಿದಂತಾಯಿತು.

ಅಲ್ಬೆರೂನಿಯು 1030ರ ಸುಮಾರಿಗೆ ಭಾರತದ ವಿಚಾರ ಬರೆದಾಗ ಈ ನಾಲ್ವರಾಟದ ಕಾಯಿಗಳನ್ನು ಚೌಕ ಬರೆದೇ ತೋರಿಸಿದ್ದನು. ಅವನ ಮುಂದಿದ್ದುದು ಕಾಗದ. ಓಲೆಗರಿಯಾದರೋ ಎರಡು ಮೂರು ಬೆರಳಗಲದ್ದು. ಅದರ ಮೇಲೆ ಎಂಟು ಸಾಲಿನ ಚೌಕಕ್ಕೆ ಸ್ಥಳ ಸಾಲದು, ನಾರಿನ ಗುಂಟ ಕಂಟದಿಂದ ನೇರಗೆರೆ ಎಳೆದರೆ ಗರಿ ಸೀಳುವ ಭಯವೂ ಉಂಟು. ಪ್ರತಿಕಾರರ ಕೈಯಲ್ಲಿ ಚಿತ್ರ ಕೆಡುವಷ್ಟು ಸುಲಭವಾಗಿ ಅಕ್ಷರ ಕೆಡದೆಂಬ ವಿವೇಕವೂ ಇದರ ಹಿಂದೆ ಇದ್ದಿರಬೇಕೆಂದು ನನ್ನ ಊಹೆ. ಒಂಬತ್ತನೆಯ ಶತಮಾನದಲ್ಲಿಯೇ ಕಾಶ್ಮೀರದ ರುದ್ರಟನು ನಾಲ್ಕು ಸಾಲು ಎಂಟು ಮನೆಗಳ ಅರೆಮಣೆಯಲ್ಲಿ ಕುದುರೆಯ ನಡೆಗೆ ಹೊಂದುವ ಶ್ಲೋಕವನ್ನು ಕಟ್ಟಿದ್ದನಾದರೂ ಅದು ಕವಿಯ ಚಮತ್ಕಾರ. ಸೋಮೇಶ್ವರನದು ಆಟಗಾರನಿಗೆ ಉಪಯೋಗಕ್ಕೆ ಬರುವ ವಿಧಾನ.

ಕನ್ನಡನಾಡಿನಲ್ಲಿ ಮಣೆಗೆ ಬಣ್ಣದ ವೈಭವ ಬಂದುದು ಬಹುಕಾಲದ ಅನಂತರ, ಮೈಸೂರಿನಲ್ಲಿ. 1831ರಲ್ಲಿ ಆಡಳಿತವು ಇಂಗ್ಲಿಷರ ವಶವಾದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಿಡುವು ಬೇಕಾದಷ್ಟಾಯಿತು. ದೊರೆಯ ನಷ್ಟವು ಚದುರಂಗದ ಲಾಭವೆನ್ನಬಹುದೇನೊ! ಅರಮನೆಯ ಚಿತ್ರಗಾರರು ರೂಪು ಕೊಟ್ಟ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯು ಆಟಗಳದು, ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆಯೂ ಆಟದ ಹಾಸುಗಳು ಚಿತ್ರಿತವಾಗಿವೆ. ಕುದುರೆ ಹಾಯ್ದ ಮನೆಗಳಿಗೆ ಒಂದರಿಂದ ಅರುವತ್ತನಾಲ್ಕರವರೆಗೆ ಅಂಕೆ ಹಾಕುತ್ತ ಹೋದರೆ ಅಡ್ಡಸಾಲು ಕಂಬಸಾಲುಗಳೆಲ್ಲದರ ಮೊತ್ತವೂ 260 ಆಗುವಂತೆ ಹಾದಿ ಹೂಡಿದುದು ಈ ದೊರೆಯ ವಿಶೇಷ ಸಾಧನೆ. ಮೂಲೆಯಿಂದ ಮೂಲೆಗೆ ಎಣಿಸಿದರೆ ಮಾತ್ರ ಆ ಮೊತ್ತ ಬಾರದು. ಎಂಟೆಂಟರ ಮಣೆಯಲ್ಲಿ ಅದೂ ಕೂಡಿಬರುವಂಥ ಹಾದಿ ಇಲ್ಲವೇ ಇಲ್ಲವೆಂಬುದು 2003ರಲ್ಲಿ ಗಣಕಯಂತ್ರಗಳ ಶೋಧದಿಂದ ನಿಶ್ಚಿತವಾಯಿತು.