90 ಡಿಗ್ರಿಯೊಳಗಿನ ಚರಿತ್ರೆ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. 1294ರಲ್ಲಿ ವಿಠ್ಠಲನೆಂಬ ಅಧಿಕಾರಿ ಈ ಕೋಟೆ ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನ ಹೇಳುತ್ತದೆ. ಕಲ್ಲನ್ನು ಹೊತ್ತು ತಂದ ಬಂಡಿ, ಬಂಡಿಯನ್ನೆಳೆದ ಕೋಣಗಳ ಸಾಲು ಕೂಡ ಅಲ್ಲೇ ಗೀರುಚಿತ್ರವಾಗಿ ಉಳಿದಿವೆ. ಆದರೆ ಆ ಅಕ್ಷರಗಳನ್ನು ಕಡೆದ ಚಾಣ ಹೇಗಿತ್ತು, ಅದರ ಬಾಯಿಯನ್ನು ಎಷ್ಟು ಓರೆಯಾಗಿ ಬಡಿದಿದ್ದರು, ಮೊಂಡಾದಾಗ ಕುಲುಮೆಯಲ್ಲಿ ಕಾಯಿಸಿ ಹದ ಕೊಟ್ಟವರು ಯಾರು ಎಂಬುದರ ಬಗ್ಗೆ ಶಾಸನದಲ್ಲಿ ಒಂದು ಮಾತೂ ಇಲ್ಲ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡ ಬಂಡೆಶಾಸನದ ಕತೆಯೂ ಇದೇ. ‘ಅಶೋಕ’ ಎಂಬ ಹೆಸರನ್ನು ಉಳಿಸಿಕೊಟ್ಟದ್ದಕ್ಕೆ ಆ ಬಂಡೆ ಪ್ರಸಿದ್ಧವಾಯಿತು. ಹೆಸರನ್ನು ಕೊರೆದ ಉಳಿ ಯಾರ ನೆನಪಿನಲ್ಲೂ ಇಲ್ಲ.

ಎಡೆದೊರೆ ನಾಡಿನ ಕುಶಲಕರ್ಮಿಗಳ ಚರಿತ್ರೆಯನ್ನು ಸಂಶೋಧನೆಗೆ ಆರಿಸಿಕೊಂಡಿರುವ ನನ್ನನ್ನು ಈ ಮೌನ ಬಿಡದೆ ಕಾಡಿತು. ಹಳೆಯ ಚಾಣಗಳು ಸವೆದು ಹೋದವು. ಅವುಗಳ ಹಿಂದಿದ್ದಂಥ ತಿಳಿವಳಿಕೆ ಇಂದು ಎಲ್ಲಾದರೂ ಕೆಲಸ ಮಾಡುತ್ತಿದೆಯೇ ಎಂದು ಹುಡುಕುತ್ತಾ ಹೋದರೆ, ದಾರಿ ದೇವದುರ್ಗ, ಮಾನ್ವಿಯ ರಸ್ತೆಬದಿಯ ಲೇಥು ಅಂಗಡಿಗಳಿಗೆ ಬಂದು ನಿಲ್ಲುತ್ತದೆ. ಕಲ್ಲು ಸಿಡಿಯುತ್ತದೆ, ಕಬ್ಬಿಣ ಸಿಪ್ಪೆಯಾಗಿ ಸುಲಿದು ಬರುತ್ತದೆ. ಎರಡೂ ಕೆಲಸ ಮಾಡಿಸುವುದು ಬೆಣೆಯೇ.

ಲೇಥಿನ ಟೂಲನ್ನು ಪಕ್ಕದಿಂದ ನೋಡಿ. ಮೊನೆಯಿಂದ ಹಿಂದಕ್ಕೆ ಇಳಿಯುವ ಮೇಲ್ಮೈಯ ಓರೆಗೆ ರೇಕ್ ಕೋನ ಎನ್ನುತ್ತಾರೆ. ಸುಲಿದ ಸಿಪ್ಪೆ ಜಾರಿಹೋಗುವುದು ಅದರ ಮೇಲೆ. ಮೊನೆಯ ಕೆಳಗಿನ ಮುಖ ತಿರುಗುವ ಕಬ್ಬಿಣಕ್ಕೆ ಉಜ್ಜದಿರಲೆಂದು ಬಿಡುವ ಓರೆ ಕ್ಲಿಯರೆನ್ಸ್ ಕೋನ. ಇವೆರಡರ ನಡುವೆ ಉಳಿಯುವುದು ಬೆಣೆಯ ಕೋನ. ಮೂರನ್ನೂ ಕೂಡಿಸಿದರೆ 90 ಡಿಗ್ರಿ. ರೇಕಿಗೆ 14, ಕ್ಲಿಯರೆನ್ಸಿಗೆ 8 ಕೊಟ್ಟರೆ ಬೆಣೆಗೆ ಉಳಿಯುವುದು 68. ರೇಕ್ ಹೆಚ್ಚಿಸಿದರೆ ಕೊರೆತ ಹಗುರಾಗುತ್ತದೆ, ಆದರೆ ಬೆಣೆ ತೆಳುವಾಗಿ ಮೊನೆ ಮುರಿಯುವ ಭಯ. ಬೆಣೆ ದಪ್ಪಗಿಟ್ಟರೆ ಮೊನೆ ಬಾಳುತ್ತದೆ, ಆದರೆ ಯಂತ್ರ ಏದುಸಿರು ಬಿಡುತ್ತದೆ. ಮೆದು ಉಕ್ಕಿಗೆ ಒಪ್ಪುವ ಹಂಚಿಕೆ ಹಿತ್ತಾಳೆಗೆ ಒಪ್ಪದು. ಹಿತ್ತಾಳೆಗೆ ರೇಕ್ ಹೆಚ್ಚಾದರೆ ಟೂಲು ಕಚ್ಚಿಕೊಂಡು ಒಳಗೆ ನುಗ್ಗುತ್ತದೆ. ಆದ್ದರಿಂದ ಅದಕ್ಕೆ ರೇಕ್ ಸೊನ್ನೆಯ ಹತ್ತಿರವೇ ಇರಬೇಕು.

1871ರಲ್ಲಿ ಮುಂಬಯಿ ಮತ್ತು ಮದರಾಸಿನ ಕಡೆಯ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿದವು. ಯಂತ್ರಗಳು ಬರಲು ದಾರಿಯಾಯಿತು. ಮುಂದೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಗೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗಕ್ಕೆ ಹರಿಯಿತು. ನೀರಿನ ಬೆನ್ನಿಗೆ ಟ್ರ್ಯಾಕ್ಟರು, ಪಂಪು, ಕೊಯ್ಲಿನ ಯಂತ್ರಗಳು ಬಂದವು. ಸುಗ್ಗಿಯಲ್ಲಿ ಶಾಫ್ಟ್ ಸವೆದರೆ ರೈತನಿಗೆ ಕಾಯಲು ಪುರಸೊತ್ತಿಲ್ಲ. ನಾನು ನೋಡಿದ ಅಂಗಡಿಗಳಲ್ಲಿ ಹಿರಿಯ ಮಿಸ್ತ್ರಿಗಳು ಚೌಕದ ಟೂಲ್ ಬಿಟ್ಟನ್ನು ಬರಿಗಣ್ಣಿನ ಅಂದಾಜಿನಲ್ಲೇ ಸಾಣೆಗೆ ಹಿಡಿಯುತ್ತಾರೆ, ನೀರಿಗದ್ದಿ ಮತ್ತೆ ಹಿಡಿಯುತ್ತಾರೆ. ಕೋನಮಾಪಕ ಮುಟ್ಟುವುದಿಲ್ಲ. ಅಳತೆ ಹೇಳುವುದು ಸಿಪ್ಪೆ: ಅದು ಸುರುಳಿಯಾಗಿ ಬರುತ್ತಿದೆಯೋ ಪುಡಿಯಾಗುತ್ತಿದೆಯೋ, ನೀಲಿಗಟ್ಟಿದೆಯೋ ಇಲ್ಲವೋ. ಎಷ್ಟು ಡಿಗ್ರಿ ಎಂದು ಕೇಳಿದರೆ ಉತ್ತರ ಬಾಯಲ್ಲಿ ಬರುವುದಿಲ್ಲ. ಟೂಲನ್ನೇ ಕೈಗೆ ಕೊಟ್ಟು ನೋಡಲು ಹೇಳುತ್ತಾರೆ.

ಈ ಕೈತಿಳಿವನ್ನು ಕಾಗದಕ್ಕಿಳಿಸಲು ಬಹುದೊಡ್ಡ ಪ್ರಯತ್ನ ಮಾಡಿದವನು ಅಮೆರಿಕದ ಫ್ರೆಡರಿಕ್ ಟೇಲರ್. 1880ರಲ್ಲಿ ಫಿಲಡೆಲ್ಫಿಯಾದ ಮಿಡ್ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಆರಂಭಿಸಿದ ಅವನ ಪ್ರಯೋಗಗಳು 26 ವರ್ಷ ನಡೆದವು. 8 ಲಕ್ಷ ಪೌಂಡಿಗೂ ಹೆಚ್ಚು ಕಬ್ಬಿಣ, ಉಕ್ಕು ಸಿಪ್ಪೆಯಾಯಿತು. 1906ರಲ್ಲಿ ಲೋಹ ಕತ್ತರಿಸುವ ಕಲೆಯನ್ನು ಕುರಿತ ಅವನ ದೀರ್ಘ ಪ್ರಬಂಧ ಹೊರಬಂತು. ಇಂದು ಪಾಲಿಟೆಕ್ನಿಕ್ ಹುಡುಗರು ಓದುವ ಕೋಷ್ಟಕಗಳ ಬೇರು ಇಂಥ ಪ್ರಯೋಗಗಳಲ್ಲಿದೆ. ಆ ಋಣ ಸಣ್ಣದಲ್ಲ. ಆದರೆ ಟೇಲರನ ಉದ್ದೇಶ ಬರಿಯ ಜ್ಞಾನವಾಗಿರಲಿಲ್ಲ. ಯಾವ ಟೂಲು, ಎಷ್ಟು ವೇಗ, ಎಷ್ಟು ಆಳ ಎಂಬ ತೀರ್ಮಾನವನ್ನು ಕೆಲಸಗಾರನ ಕೈಯಿಂದ ತೆಗೆದು ಆಡಳಿತದ ಕಚೇರಿಗೆ ಕೊಡುವುದು ಅವನ ಗುರಿ. ಟೂಲಿಗೆ ಕೂಡ ಉಗ್ರಾಣದಲ್ಲೇ ಸಾಣೆ ಹಿಡಿದು ಕೊಡಬೇಕೆಂದು ಅವನು ಬಯಸಿದ.

ಆ ಬಯಕೆ ಈಗ ನಮ್ಮೂರಿನಲ್ಲೂ ಮೆಲ್ಲಗೆ ಈಡೇರುತ್ತಿದೆ. ಕಾರ್ಬೈಡ್ ಇನ್ಸರ್ಟುಗಳ ಕೋನ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಒಂದು ಮೂಲೆ ಸವೆದರೆ ಸ್ಕ್ರೂ ಸಡಿಲಿಸಿ ಇನ್ನೊಂದು ಮೂಲೆ ತಿರುಗಿಸಿದರಾಯಿತು. ಕೆಲಸ ಬೇಗ ಆಗುತ್ತದೆ, ಕಲಿಯುವ ಹುಡುಗನಿಗೆ ಸಾಣೆಯ ಕಿಡಿ ಕಣ್ಣಿಗೆ ಹಾರುವುದಿಲ್ಲ. ಇದನ್ನು ಬೇಡವೆನ್ನುವ ಹಕ್ಕು ನನಗಿಲ್ಲ. ಆದರೆ ಮೂರು ಕೋನಗಳ ನಡುವೆ 90 ಡಿಗ್ರಿ ಹಂಚುವ ಆ ನಿರ್ಧಾರ ಅಂಗಡಿಯಿಂದ ಹೊರಟುಹೋಗುತ್ತದೆ. ಅದು ಅಲ್ಲಿತ್ತು ಎಂಬುದಕ್ಕೆ ಕಾಗದದ ಸಾಕ್ಷಿಯೂ ಇರುವುದಿಲ್ಲ.

ಚರಿತ್ರೆಯ ವಿದ್ಯಾರ್ಥಿಗಳು ಕೋಟೆಯ ಶಾಸನದ ಪಡಿಯಚ್ಚು ತೆಗೆಯುವುದನ್ನು ಕಲಿಯುತ್ತೇವೆ. ಸಾಣೆ ಹಿಡಿದ ಟೂಲ್ ಬಿಟ್ಟಿನ ಪಡಿಯಚ್ಚನ್ನೂ ತೆಗೆಯಬಹುದು: ಕೋನ ಅಳೆದು, ಯಾವ ಲೋಹಕ್ಕೆ, ಯಾವ ಯಂತ್ರದ ಭಾಗಕ್ಕೆ, ಯಾರಿಂದ ಕಲಿತದ್ದು ಎಂದು ಬರೆದಿಟ್ಟು. ಟೇಲರ್ ಅಳೆದದ್ದು ಕೆಲಸಗಾರನಿಂದ ತೀರ್ಮಾನವನ್ನು ಬಿಡಿಸಿಕೊಳ್ಳಲು. ನಾವು ಅಳೆಯಬೇಕಾದದ್ದು ಆ ತೀರ್ಮಾನ ಅವನದೇ ಆಗಿತ್ತೆಂದು ದಾಖಲಿಸಲು. ಸವೆದ ಟೂಲ್ ಬಿಟ್ಟುಗಳು ಇನ್ನೂ ಆ ಅಂಗಡಿಗಳ ಎಣ್ಣೆ ಡಬ್ಬಿಗಳಲ್ಲಿ ಬಿದ್ದಿವೆ. ಗುಜರಿಗೆ ಹೋಗುವ ಮೊದಲು ಅಳೆಯಬೇಕು.